ನಿಯಾಜ್ ಇಟ್ಟ ಲೆಕ್ಕ

ಶೌಕತ್ ಸಿದ್ದೀಖಿಯವರ ‘ಖುದಾ ಕೀ ಬಸ್ತಿ’ ಓದಿದ್ದೀರಾ? ಉರ್ದು ಲಿಪಿ ಬಾರದವರೂ ಹೆಸರು ಕೇಳಿರಬಹುದು. ಪಾಕಿಸ್ತಾನ ಟೆಲಿವಿಷನ್‌ನಲ್ಲಿ 1969ರಲ್ಲಿ ಧಾರಾವಾಹಿಯಾಗಿ ಬಂತು, 1974ರಲ್ಲಿ ಮತ್ತೊಮ್ಮೆ ತೆಗೆದರು. ಲೇಖಕರು ಲಖನೌದಲ್ಲಿ ಹುಟ್ಟಿ, ವಿಭಜನೆಯ ನಂತರ ಕರಾಚಿಗೆ ಹೋದವರು. ಕಾದಂಬರಿ ಅದೇ ಊರಿನ ಬಡ ಬಸ್ತಿಯದು.

ಅದರಲ್ಲಿ ನಿಯಾಜ್ ಅಂತ ಒಬ್ಬ ಗುಜರಿ ವ್ಯಾಪಾರಿ. ಹೊಡೆದಾಟ ಬಡಿದಾಟದವನಲ್ಲ, ನಯವಾಗಿ ಮಾತಾಡ್ತಾನೆ. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ನಿಕಾಹ್ ಆಗ್ತಾನೆ. ಅವನ ಕಣ್ಣು ಇರೋದು ಮಗಳು ಸುಲ್ತಾನಾಳ ಮೇಲೆ, ಮನಸ್ಸು ಇರೋದು ಹಣದ ಮೇಲೆ. ಹೆಂಡತಿಯ ಹೆಸರಲ್ಲಿ ಜೀವವಿಮೆ ಮಾಡಿಸ್ತಾನೆ. ಆಮೇಲೆ ಡಾಕ್ಟರ್ ಮೋಟೋನನ್ನು ಕರೆಸಿ ಇಂಜೆಕ್ಷನ್ ಕೊಡಿಸ್ತಾನೆ. ಔಷಧಿಯಲ್ಲ, ವಿಷ. ಸ್ವಲ್ಪ ಸ್ವಲ್ಪವಾಗಿ.

ಈ ಭಾಗವನ್ನು ನಿಧಾನ ಓದಿ ನೋಡಿ. ಹಾಸಿಗೆ ಹಿಡಿದವಳ ಮನೆಗೆ ಡಾಕ್ಟರ್ ಬಂದು ಹೋಗೋದು, ಗಂಡ ವಿಚಾರಿಸಿಕೊಳ್ಳೋದು, ಎಲ್ಲವೂ ಹೊರಗಿನವರಿಗೆ ಕಾಳಜಿಯಂತೆಯೇ ಕಾಣುತ್ತೆ. ಅಕ್ಕಪಕ್ಕದವರು ಅನುಮಾನ ಪಡೋಕೆ ಅಲ್ಲಿ ಏನಿದೆ? ನನ್ನನ್ನು ಕೊಲೆಗಿಂತ ಹೆಚ್ಚು ಹೆದರಿಸಿದ್ದು ಈ ಸಭ್ಯತೆ. ನಿಯಾಜ್‌ಗೆ ಅವಳ ಮೇಲೆ ಸಿಟ್ಟೂ ಇಲ್ಲ. ಅವಳು ಬರಬೇಕಾದ ಒಂದು ಮೊತ್ತ, ಅಷ್ಟೆ.

ಒಮ್ಮೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಕತೆ ಹೇಳ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಕೇಳಿದ: “ಟೀಚರ್, ಕೊಲೆ ತಪ್ಪು, ಸರಿ. ಆದ್ರೆ ಅದಕ್ಕೆ ಮೊದಲು ಅವನು ಮಾಡಿದ್ದೇನು? ಮೇಲೆ ಬರಬೇಕು ಅಂತ ಎಲ್ರಿಗೂ ಆಸೆ ಇರಲ್ವಾ?”

ತಕ್ಷಣ ಉತ್ತರ ಹೊಳೀಲಿಲ್ಲ. ಆ ಹುಡುಗನ ಅಪ್ಪ ಕೂಡ ಗುಜರಿ ಅಂಗಡಿಯವರೇ, ಪ್ರಾಮಾಣಿಕ ಮನುಷ್ಯ. ಅವನ ಪ್ರಶ್ನೆ ಬರೀ ಕತೆಯದಲ್ಲ ಅಂತ ಅನಿಸಿತು. ಮನೆಗೆ ಬಂದು ಮೊದಲಿನ ಪುಟಗಳನ್ನು ಮತ್ತೆ ತೆಗೆದೆ. ಉತ್ತರ ಅಲ್ಲೇ ಇತ್ತು. ಆ ತಾಯಿಯ ಮಗ ನೌಶಾ ಒಂದು ಮೋಟಾರ್ ವರ್ಕ್‌ಶಾಪಿನಲ್ಲಿ ಕೆಲಸದ ಹುಡುಗ. ಅಲ್ಲಿಂದ ಅವನು ಕದ್ದು ತಂದ ಸಾಮಾನನ್ನು ಅಗ್ಗಕ್ಕೆ ಕೊಳ್ಳುವವನು ಇದೇ ನಿಯಾಜ್. ಅಂದರೆ ವಿಮೆಯ ಕಾಗದಕ್ಕಿಂತ ಎಷ್ಟೋ ಮೊದಲೇ ಅವನ ಏಳಿಗೆಯ ಬೆಲೆಯನ್ನು ಒಂದು ಮಗು ಕೊಡ್ತಿತ್ತು. ನಾವು ಓದುಗರು ಅದನ್ನು ವ್ಯಾಪಾರ ಅಂದುಕೊಂಡು ಪುಟ ತಿರುಗಿಸ್ತೀವಿ.

ಕಾದಂಬರಿಯಲ್ಲಿ ದೋಷ ಇಲ್ಲ ಅಂತಲ್ಲ. ಸಮಾಜ ಸುಧಾರಣೆಗೆ ಹೊರಟ ‘ಸ್ಕೈಲಾರ್ಕ್’ ಯುವಕರ ಭಾಗ ನನಗೆ ಭಾಷಣದಂತೆ ಕೇಳಿಸುತ್ತೆ, ಅವರ ಮುಖಗಳೇ ನೆನಪಲ್ಲಿ ನಿಲ್ಲಲ್ಲ. (ಪರೀಕ್ಷೆಗೆ ಓದುವವರು ಅದನ್ನು ಬಿಡಬೇಡಿ, ಪ್ರಶ್ನೆ ಬರೋದು ಅದರ ಮೇಲೇನೇ!) ತಾಯಿಯ ಒಳಮನಸ್ಸಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು ಅಂತಲೂ ಅನಿಸುತ್ತೆ. ಅವಳು ಸಾಯೋದನ್ನು ನೋಡ್ತೀವಿ, ಅವಳಿಗೆ ಏನಾದರೂ ಗೊತ್ತಾಯಿತಾ ಅನ್ನೋದು ನಮ್ಮನ್ನು ಕಾಡ್ತಾ ಉಳಿಯುತ್ತೆ.

ಕೊನೆಗೆ ನೌಶಾ ನಿಯಾಜ್‌ನನ್ನು ಕೊಂದು ಜೈಲು ಸೇರ್ತಾನೆ. ಕ್ಲಾಸಿನಲ್ಲಿ ಇಲ್ಲಿಗೆ ಬಂದಾಗ ಕೆಲವರು ಚಪ್ಪಾಳೆ ತಟ್ಟಿದರು. ಆ ಹುಡುಗ ತಟ್ಟಲಿಲ್ಲ. “ಸುಲ್ತಾನಾ ಎಲ್ಲಿಗೆ ಹೋಗ್ತಾಳೆ ಟೀಚರ್, ಅವಳ ಕೈಯಲ್ಲಿ ನಿಯಾಜ್‌ನ ಮಗು ಇದೆಯಲ್ಲ?” ಅಂದ.