‘ಮರಿಯಮ್ಮ’: ಒಂದು ಹೆಸರಿನ ಅರ್ಥವಿಚಾರ

ಎರಡು ಹೆಸರುಗಳು ಕಿವಿಗೆ ಒಂದೇ ಎಂಬಂತೆ ಕೇಳಿದ ಮಾತ್ರಕ್ಕೆ ಅವುಗಳ ಮೂಲವೂ ಒಂದೇ ಎಂದು ನಿರ್ಣಯಿಸುವುದು ಶಬ್ದವಿಚಾರದಲ್ಲಿ ಪದೇ ಪದೇ ಕಂಡುಬರುವ ದೋಷ. ತುಳುನಾಡಿನ ‘ಮರಿಯಮ್ಮ’ ಎಂಬ ಸ್ತ್ರೀನಾಮವು ಇದಕ್ಕೆ ನಿದರ್ಶನ. ಪಣಂಬೂರು ಬಂದರಿಗೆ ಸಮೀಪದ ಬೈಕಂಪಾಡಿ ಇಂದು ಕೈಗಾರಿಕೆಗಳ ನೆಲೆ. ತುಳುವರೂ ಬ್ಯಾರಿಗಳೂ ಕೊಂಕಣಿ ಕ್ರೈಸ್ತರೂ ನೆರೆಹೊರೆಯಾಗಿ ಬಾಳುವ ಸೀಮೆ. ಇಲ್ಲಿ ಈ ಹೆಸರನ್ನು ಕೇಳಿದವರು ಬೋಳಾರ, ಉರ್ವ, ಕಾಪುಗಳ ಮಾರಿಗುಡಿಗಳನ್ನು ನೆನೆದು, ಇದು ಗ್ರಾಮದೇವತೆಯ ಹೆಸರೇ ಎಂದು ಭಾವಿಸುವುದು ಸುಲಭ. ಆದರೆ ಅದು ಸಾಧುವಲ್ಲ.

ದೇವಿಯ ಹೆಸರಾದ ‘ಮಾರಿಯಮ್ಮ’ದಲ್ಲಿ ಮೊದಲಕ್ಷರ ದೀರ್ಘ. ಕನ್ನಡದಲ್ಲಿ ‘ಮಾರಿ’ ಎಂದರೆ ರೋಗರುಜಿನಗಳ ಉಗ್ರಶಕ್ತಿ. ತಮಿಳಿನಲ್ಲಿ ಆ ಶಬ್ದಕ್ಕೆ ಮಳೆಯೆಂಬ ಅರ್ಥವೂ ಉಂಟು. ಬ್ಯಾರಿ ಮನೆಯ ‘ಮರಿಯಮ್ಮ’ದಲ್ಲಿ ಮೊದಲಕ್ಷರ ಹ್ರಸ್ವ, ಮೂಲ ಅರಬ್ಬಿಯ ‘ಮರ್ಯಮ್’. ಕುರಾನಿನ 19ನೆಯ ಅಧ್ಯಾಯಕ್ಕೆ ಇದೇ ಹೆಸರು. ಆ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿರುವ ಸ್ತ್ರೀ ಈಕೆಯೊಬ್ಬಳೇ. ಹೀಬ್ರೂವಿನ ‘ಮಿರ್ಯಾಮ್’ ಗ್ರೀಕ್, ಲ್ಯಾಟಿನ್‌ಗಳನ್ನು ಹಾಯ್ದು, ಪೋರ್ಚುಗೀಸರ ಮೂಲಕ ಕರಾವಳಿಯ ಕ್ರೈಸ್ತರಲ್ಲಿ ‘ಮರಿಯಾ’ ಆಯಿತು. ಅವರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್ ಈ ಮಾತೆಯ ಜನ್ಮದಿನ. ಮೂಲಪದದ ಅರ್ಥ ಕಹಿಯೋ, ಪ್ರೀತಿಪಾತ್ರಳೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಗಳಿಗೆ ಆ ಹೆಸರಿಡುವವರಿಗೆ ಪದದ ಅರ್ಥಕ್ಕಿಂತ ಆ ತಾಯಿಯ ಸ್ಮರಣೆಯೇ ಮುಖ್ಯ.

ಹಾಗಾದರೆ ಸಾಮ್ಯವೆಲ್ಲ ಬರಿಯ ಭ್ರಮೆಯೇ? ಅಲ್ಲ. ‘ಮರ್ಯಮ್’ ಶಬ್ದದ ಕೊನೆಯ ಮಕಾರ ಈ ನೆಲದ ‘ಅಮ್ಮ’ನಲ್ಲಿ ಬೆರೆತುಹೋಗಿದೆ. ಐಸಮ್ಮ, ಖತೀಜಮ್ಮ ಎಂಬ ಬ್ಯಾರಿ ಹೆಸರುಗಳಲ್ಲಿಯೂ, ಕೇರಳದ ಸುರಿಯಾನಿ ಕ್ರೈಸ್ತರ ಮರಿಯಮ್ಮನಲ್ಲಿಯೂ ಕಾಣುವುದು ಇದೇ ‘ಅಮ್ಮ’. ಶರಣೆಯರಾದ ನಾಗಮ್ಮ, ಲಕ್ಕಮ್ಮ, ಲಿಂಗಮ್ಮರ ಹೆಸರುಗಳನ್ನು ಗೌರವದಿಂದ ತುಂಬಿದ ಪ್ರತ್ಯಯವೂ ಅದೇ. ಹೆಸರಿನ ಪೂರ್ವಾರ್ಧ ಕಡಲಾಚೆಯಿಂದ ಬಂದುದು, ಉತ್ತರಾರ್ಧ ಇಲ್ಲಿಯದು. ಅದು ಯಾವುದೊಂದು ಮತದ ಸ್ವತ್ತೂ ಅಲ್ಲ.

ಆದುದರಿಂದ ಶಾಲೆಯ ದಾಖಲೆಯಲ್ಲಾಗಲಿ ಮತದಾರರ ಪಟ್ಟಿಯಲ್ಲಾಗಲಿ ‘ತಪ್ಪು ತಿದ್ದುವ’ ಉತ್ಸಾಹದಿಂದ ಯಾರಾದರೂ ಇಲ್ಲಿ ಒಂದು ದೀರ್ಘವನ್ನು ಕೊಟ್ಟರೆ, ಅದು ಕಾಗುಣಿತದ ಮಾತಾಗಿ ಉಳಿಯದು. ಒಂದು ಮನೆತನದ ಸ್ಮೃತಿಯನ್ನೇ ಅಳಿಸಿದಂತೆ. ಬಸವಣ್ಣನವರು ಒಂದು ವಚನದಲ್ಲಿ ಮಾರಿಯನ್ನು ಹೊರಗೆಲ್ಲಿಯೂ ಅರಸದೆ, ಮನುಷ್ಯನ ನೋಟ, ನುಡಿ, ನೆನಹುಗಳು ತಪ್ಪುವಲ್ಲಿಯೇ ಕಾಣಿಸಿದರು. ನೆರೆಮನೆಯವಳ ಹೆಸರನ್ನು ಆಕೆ ಹೇಳಿಕೊಳ್ಳುವಂತೆಯೇ ಕೇಳಿ, ಹಾಗೆಯೇ ನುಡಿಯುವುದೂ ಆ ಎಚ್ಚರದ ಒಂದು ಅಂಗವೇ ಸರಿ.