ಬೆಲ್ ಬಾರಿಸಿದ ಮೇಲೆ

ಕೌಟುಂಬಿಕ ಹಿಂಸೆಯ ವಿರುದ್ಧದ ಪ್ರಚಾರ ಎಂದರೆ ನಮ್ಮ ವಿಮರ್ಶಕರು ಮೊದಲು ಹೆಸರಿಸುವುದು ‘ಬೆಲ್ ಬಜಾವೊ’ ಜಾಹೀರಾತುಗಳನ್ನು. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಆರಂಭಿಸಿದ ಅಭಿಯಾನ ಅದು. ಕಾನ್ ಜಾಹೀರಾತು ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರ ವಿಡಿಯೊ ವ್ಯಾನುಗಳು ಮಹಾರಾಷ್ಟ್ರ, ಕರ್ನಾಟಕದ ಊರುಗಳನ್ನೂ ಸುತ್ತಿದವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಸುಮ್ಮನಿರುತ್ತಿದ್ದ ನೆರೆಯವರನ್ನು ಅದು ಪಕ್ಕದ ಮನೆಯ ಬಾಗಿಲವರೆಗೆ ಕರೆತಂದಿತು. ಇಷ್ಟು ನಿಜ. ಆದರೆ ಅದರ ಕೀರ್ತಿ ಅದರ ಕೆಲಸಕ್ಕಿಂತ ಬಹಳ ದೊಡ್ಡದು.

ಹಾಲು ಕೇಳುವ ತುಣುಕನ್ನು ನೋಡಿ. ಪಕ್ಕದ ಮನೆಯಲ್ಲಿ ಹೆಂಗಸಿನ ಚೀರಾಟ. ಒಬ್ಬಾತ ಎದ್ದು ಹೋಗಿ ಬೆಲ್ ಒತ್ತುತ್ತಾನೆ, ಒಂದು ಕಪ್ ಹಾಲು ಸಿಗಬಹುದೇ ಎನ್ನುತ್ತಾನೆ. ಹಾಲು ನೆಪವೆಂಬುದು ಕೇಳಿದವನಿಗೂ ಗೊತ್ತು, ಹೊಡೆಯುತ್ತಿದ್ದವನಿಗೂ ಗೊತ್ತು. ತಂತ್ರದ ಜಾಣತನವೆಂದು ಎಲ್ಲರೂ ಮೆಚ್ಚಿದ್ದು ಈ ನೆಪವನ್ನೇ. ನನ್ನನ್ನು ಕಾಡುವುದೂ ಅದೇ. ‘ನನಗೆ ಕೇಳಿಸಿತು’ ಎಂಬ ಮಾತು ಬಾಯಿಗೆ ಬರುವುದಿಲ್ಲ. ಇಬ್ಬರು ಗಂಡಸರ ಮರ್ಯಾದೆಯೂ ಉಳಿಯುತ್ತದೆ. ಒಳಗಿದ್ದವಳನ್ನು ಯಾರೂ ಏನೂ ಕೇಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಏನಾಯಿತು? ಚಿತ್ರ ಅಷ್ಟರಲ್ಲಿ ಮುಗಿದಿರುತ್ತದೆ.

ಒಬ್ಬನೇ ಎದ್ದು ನಿಂತರೆ ಸಾಕೆಂಬ ಈ ಜಾಹೀರಾತುಗಳ ನಂಬಿಕೆಗೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಕ್ರೂರ ಉತ್ತರ ಸಿಕ್ಕಿದೆ. 2012ರ ಡಿಸೆಂಬರಿನಲ್ಲಿ, ಹುಡುಗಿಯನ್ನು ಪೀಡಿಸುತ್ತಿದ್ದವರನ್ನು ತಡೆದ 19ರ ತರುಣನನ್ನು ಅಲ್ಲಿ ಇರಿದು ಕೊಂದರು.

ಹೆಣ್ಣಿನ ಸಂಕಟಕ್ಕೆ ಗಂಡಸರನ್ನು ಮೊದಲು ಹೊಣೆ ಮಾಡಿದ್ದು ಈ ಜಾಹೀರಾತುಗಳೇ ಎನ್ನುವವರಿದ್ದಾರೆ. ಅದು ತಪ್ಪು. ಹೆಂಡತಿಯನ್ನು ಹೊಡೆಯುವುದನ್ನು ವಿರೋಧಿಸುವ ಗಂಡಸರು ಬೇಕಾಗಿದ್ದಾರೆ ಎಂದು 1991ರಲ್ಲೇ ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. 205 ಮಂದಿ ಉತ್ತರಿಸಿದ್ದರು. ಅದರಿಂದಲೇ 1993ರಲ್ಲಿ ಮುಂಬಯಿಯ ‘ಮಾವಾ’ ಸಂಘಟನೆ ಹುಟ್ಟಿತು, ಮರಾಠಿಯಲ್ಲಿ ‘ಪುರುಷ ಸ್ಪಂದನ’ ದೀಪಾವಳಿ ಸಂಚಿಕೆ ತಂದಿತು. ಟಿ.ವಿ.ಯಲ್ಲಿ ಬಂದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಂಥ ಕೆಲಸ ಕಾಣುವುದಿಲ್ಲ.

ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮುಂಬಯಿ ಪಾಲಿಕೆ ಮತ್ತು ಸೇಹತ್ ಸಂಸ್ಥೆ ಹಿಂಸೆಗೊಳಗಾದ ಹೆಂಗಸರಿಗಾಗಿ 2001ರಲ್ಲಿ ತೆರೆದ ‘ದಿಲಾಸಾ’ ಕೇಂದ್ರದ ಬಗ್ಗೆ ನಮ್ಮಲ್ಲಿ ಎಷ್ಟು ಜನ ಬರೆದಿದ್ದಾರೆ? ಆಸ್ಪತ್ರೆಗೆ ಹೋಗಲು ಹೆಂಗಸು ಮನೆಯಲ್ಲಿ ಬೇರೆ ಕಾರಣ ಹೇಳಬೇಕಿಲ್ಲ. ಬಿದ್ದೆ ಎಂದು ಹೇಳಿಕೊಂಡು ಬಂದವಳ ಗಾಯ ನೋಡಿ, ಜೊತೆಗೆ ಬಂದವರನ್ನು ದೂರವಿರಿಸಿ, ಮನೆಯಲ್ಲಿ ಯಾರಾದರೂ ಹೊಡೆದರೇ ಎಂದು ಕೇಳಲು ನರ್ಸುಗಳಿಗೆ, ವೈದ್ಯರಿಗೆ ತರಬೇತಿ ಕೊಟ್ಟರು. ಇಲ್ಲಿ ಪ್ರಶ್ನೆ ನೇರವಾಗಿ ಅವಳಿಗೇ. ಅದಕ್ಕೆ ಉತ್ತರವನ್ನು ಅವಳು ಆ ದಿನವೇ ಕೊಡಬೇಕೆಂಬ ಒತ್ತಾಯವೂ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಶೇ. 77ರಷ್ಟು ಮಂದಿ ನೆರವು ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರ ಮೇಲಿನ ಗಂಡಂದಿರ ಹಿಂಸೆಯ ಪ್ರಮಾಣ ಶೇ. 44.4. ಯಾರಿಗೂ ಹೇಳದ ಈ ಮೌನವನ್ನು ಮುರಿಯಲು ದಿಲಾಸಾದ ದಾರಿಯೇ ಸರಿ.

ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳವರಿಗೆ ನನ್ನದೊಂದು ವಿನಂತಿ. ಮದುವೆಯಾಗಿ ಊರಿನಿಂದ ಬಂದ, ಮರಾಠಿ, ಹಿಂದಿ ಇನ್ನೂ ಬಾರದ ಹೆಣ್ಣುಮಕ್ಕಳು ನಿಮ್ಮ ಕಾರ್ಯಕ್ರಮಗಳಿಗೆ ಬರುತ್ತಾರೆ. 181 ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಸಭಾಂಗಣದಲ್ಲಿ ಹಾಕಿ. ಆಸ್ಪತ್ರೆಗೋ ಠಾಣೆಗೋ ಅವರ ಜೊತೆ ಹೋಗಿ, ಅವರ ಮಾತನ್ನು ಅಲ್ಲಿ ತಿಳಿಸಿ ಹೇಳಲು ಇಬ್ಬರು ಮಹಿಳಾ ಸದಸ್ಯರನ್ನು ಈ ವರ್ಷವೇ ನೇಮಿಸಿ.