ಜೇಮ್ಸ್ ಜಾಯ್ಸನ ಒಂದು ಕಥೆಯಲ್ಲಿ ಆತ್ಮಚಿತ್ರವೂ ದಾಂಪತ್ಯವೂ

ಐರ್ಲೆಂಡಿನ ಕಥೆಗಾರನಾದ ಜೇಮ್ಸ್ ಜಾಯ್ಸನ ‘ಡಬ್ಲಿನರ್ಸ್’ ಎಂಬ ಸಂಕಲನವು ೧೯೧೪ರಲ್ಲಿ ಪ್ರಕಟವಾಯಿತು. ಅದರ ಹದಿನೈದು ಕಥೆಗಳಲ್ಲಿ ಕಡೆಯದೂ ದೀರ್ಘವೂ ಆದ ‘ದಿ ಡೆಡ್’ ೧೯೦೭ರಲ್ಲಿ ರಚಿತವಾದುದು. ಪ್ರೀತಿಯುಳ್ಳ ದಂಪತಿಗಳ ನಡುವೆಯೂ ಎಷ್ಟು ದೂರವಿರಬಹುದೆಂಬುದನ್ನು ಈ ಕಥೆಯು ತೋರಿಸುತ್ತದೆ. ಆ ದೂರಕ್ಕೆ ಕಾರಣವು ಪ್ರೇಮದ ಅಭಾವವಲ್ಲ. ಪತಿಯು ತನ್ನ ವಿಷಯದಲ್ಲಿ ತಾನೇ ಕಲ್ಪಿಸಿಕೊಂಡಿರುವ ಚಿತ್ರ.

ನಾಯಕನಾದ ಗೇಬ್ರಿಯಲ್ ಕಾನ್ರಾಯ್ ಅಧ್ಯಾಪಕನು. ಪತ್ರಿಕೆಯೊಂದಕ್ಕೆ ಗ್ರಂಥವಿಮರ್ಶೆಗಳನ್ನು ಬರೆಯುವವನು. ಚಿಕ್ಕಮ್ಮಂದಿರು ವರ್ಷವರ್ಷವೂ ಡಬ್ಲಿನ್ನಿನಲ್ಲಿ ನಡಸುವ ನೃತ್ಯಭೋಜನಕ್ಕೆ ಪತ್ನಿಯಾದ ಗ್ರೆಟ್ಟಾಳೊಡನೆ ಬರುತ್ತಾನೆ. ನೆರೆದವರಿಗಿಂತ ತಾನು ಹೆಚ್ಚು ಸುಸಂಸ್ಕೃತನೆಂಬ ಭಾವನೆ ಅವನದು. ಮನೆಗೆಲಸದ ಲಿಲಿಯು ಮದುವೆಯ ಮಾತಿಗೆ ಕಹಿಯಾಗಿ ಉತ್ತರಕೊಟ್ಟಾಗಲೂ, ಸ್ವದೇಶಾಭಿಮಾನಿಯಾದ ಮಿಸ್ ಐವರ್ಸ್ ಅವನನ್ನು ಇಂಗ್ಲೆಂಡಿನ ಪಕ್ಷಪಾತಿಯೆಂದು ಹಂಗಿಸಿದಾಗಲೂ ಆ ಭಾವನೆಗೆ ಪೆಟ್ಟು ಬೀಳುತ್ತದೆ. ಮೊದಲನೆಯ ಪೆಟ್ಟನ್ನು ಒಂದು ನಾಣ್ಯವನ್ನಿತ್ತು, ಎರಡನೆಯದನ್ನು ತನ್ನ ಭಾಷಣದಲ್ಲಿ ಹೊಸ ತಲೆಮಾರನ್ನು ಚುಚ್ಚಿ ಮಾಯಿಸಿಕೊಳ್ಳುತ್ತಾನೆ.

ಗ್ರೆಟ್ಟಾ ಪಶ್ಚಿಮದ ಕಾನಾಟ್ ಪ್ರಾಂತದವಳು. ಅವಳು ಅಲ್ಲಿಯವಳಲ್ಲವೆ ಎಂದು ಮಿಸ್ ಐವರ್ಸ್ ಕೇಳಿದರೆ, ಅವಳ ಮನೆಯವರು ಅಲ್ಲಿಯವರೆಂದಷ್ಟೇ ಪತಿಯ ಉತ್ತರ. ಗಾಲ್ವೇ ಊರನ್ನು ಮತ್ತೆ ನೋಡುವಾಸೆಯನ್ನು ಪತ್ನಿಯು ತೋಡಿಕೊಂಡರೆ, ಬೇಕಿದ್ದರೆ ಅವಳೇ ಹೋಗಬಹುದೆನ್ನುತ್ತಾನೆ. ತನ್ನ ಗೌರವಕ್ಕೆ ಕುಂದೆಂದು ಅವನು ಬದಿಗೊತ್ತಿದ ಆ ಪಶ್ಚಿಮದಲ್ಲಿಯೇ ಅವಳ ಅಂತರಂಗದ ಒಂದು ಭಾಗವು ಉಳಿದಿರುವುದು ಮುಂದೆ ವಿದಿತವಾಗುತ್ತದೆ.

ಕಥೆಯ ಮರ್ಮವಿರುವುದು ಮೆಟ್ಟಲಿನ ಸನ್ನಿವೇಶದಲ್ಲಿ. ನೆರಳಿನಲ್ಲಿ ನಿಂತು ಗ್ರೆಟ್ಟಾ ಹಳೆಯ ಹಾಡೊಂದನ್ನು ಆಲಿಸುತ್ತಿದ್ದಾಳೆ. ಪತಿಯು ಕೆಳಗಿನಿಂದ ನೋಡುತ್ತಾನೆ. ತಾನು ಚಿತ್ರಕಾರನಾಗಿದ್ದರೆ ಆ ಭಂಗಿಯನ್ನು ಬರೆಯಬಹುದಾಗಿತ್ತೆಂದುಕೊಂಡು ಚಿತ್ರಕ್ಕೆ ಹೆಸರನ್ನೂ ಇಡುತ್ತಾನೆ. ಅವಳು ಯಾವುದರ ಸಂಕೇತವೆಂದು ಯೋಚಿಸುವ ಅವನು, ಅವಳು ಏನನ್ನು ನೆನೆಯುತ್ತಿದ್ದಾಳೆಂದು ಯೋಚಿಸುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಅವಳಿಗೆ ಗಾನವು ಉದ್ದೀಪನ, ಅವನಿಗೆ ಗಾನವನ್ನು ಕೇಳುತ್ತಿರುವ ಅವಳ ನಿಲುವು ಉದ್ದೀಪನ. ಅವಳಲ್ಲಿ ಎಚ್ಚತ್ತುದು ಶೋಕ, ಅವನಲ್ಲಿ ರತಿ. ಎರಡೂ ಒಂದೆಂಬ ಭ್ರಾಂತಿಯಿಂದಲೇ ಅವನು ಅವಳೊಡನೆ ಹೋಟೆಲಿಗೆ ತೆರಳುತ್ತಾನೆ.

ಅಲ್ಲಿ ಅವಳ ಕಣ್ಣೀರು ನಿಜವನ್ನು ಹೊರಗೆಡಹುತ್ತದೆ. ಅವಳ ತಾರುಣ್ಯದಲ್ಲಿ ಆ ಹಾಡನ್ನು ಹಾಡುತ್ತಿದ್ದ ಮೈಕೇಲ್ ಫ್ಯೂರಿಯೆಂಬ ಹುಡುಗನು, ರೋಗಪೀಡಿತನಾಗಿದ್ದರೂ ಮಳೆಯಲ್ಲಿ ಬಂದು ಅವಳಿಗಾಗಿ ನಿಂತವನು, ಹದಿನೇಳನೆಯ ವಯಸ್ಸಿನಲ್ಲಿಯೇ ತೀರಿಹೋಗಿದ್ದನು. ವ್ಯಂಗ್ಯದಿಂದ ಕೆದಕಿ ಕೇಳಿದ ಗೇಬ್ರಿಯಲನಿಗೆ ಈಗ ತಾನೇ ನಗೆಗೀಡಾದವನಂತೆ ತೋರುತ್ತಾನೆ. ಸಂಜೆಯೆಲ್ಲ ಕಾಪಾಡಿಕೊಂಡು ಬಂದ ಆತ್ಮಚಿತ್ರವು ಒಡೆಯುತ್ತದೆ.

ಇದೂ ಆತ್ಮಾನುಕಂಪದ ಇನ್ನೊಂದು ರೂಪವೇ ಎಂದು ಆಕ್ಷೇಪಿಸಬಹುದು. ಆದರೆ ಜಾಯ್ಸನು ಪತಿಯ ಭಾವಗಳ ನಡುವೆ ಒಂದು ಪುಟ್ಟ ಕ್ರಿಯೆಯನ್ನೂ ಇಟ್ಟಿದ್ದಾನೆ. ಅಳುತ್ತಿರುವ ಪತ್ನಿಯ ಕೈಯನ್ನು ಗೇಬ್ರಿಯಲನು ಕ್ಷಣಕಾಲ ಹಿಡಿದಿದ್ದು, ಅವಳ ದುಃಖದೊಳಕ್ಕೆ ನುಗ್ಗಲು ಸಂಕೋಚಪಟ್ಟು, ಮೆಲ್ಲನೆ ಬಿಟ್ಟು ಕಿಟಕಿಯತ್ತ ಸರಿಯುತ್ತಾನೆ. ಇಲ್ಲಿಯೂ ದೂರವುಂಟು, ಆದರೆ ಇದು ಅಭಿಮಾನದ ದೂರವಲ್ಲ, ಗೌರವದ ದೂರ. ಪತ್ನಿಗೆ ತನ್ನದಲ್ಲದ ಒಂದು ಬಾಳೂ ಉಂಟೆಂದು ಅವನು ಒಪ್ಪಿದ್ದಾನೆ. ಕಡೆಯಲ್ಲಿ ಹಿಮವನ್ನು ನೋಡುತ್ತ ಅವನ ಮನಸ್ಸು ಪಯಣಿಸುವುದು, ಸಂಜೆ ತಾನು ನಿರಾಕರಿಸಿದ್ದ ಆ ಪಶ್ಚಿಮದ ಕಡೆಗೇ.